ನಾಯಿಯ ಬಾಯಿ, ನೆಲಗಪ್ಪೆಯ ಬೆನ್ನು

ರೋಹಿಣಿ ಮಳೆ ಬಿದ್ದು ಮೃಗಶಿರ ಹಿಡಿದುಕೊಳ್ಳುವ ಹೊತ್ತಿಗೆ ಪಶುವೈದ್ಯರ ಫೋನಿಗೆ ಒಂದು ಬಗೆಯ ಕರೆ ಬರತೊಡಗುತ್ತದೆ. ಸಾಮಾನ್ಯವಾಗಿ ಕತ್ತಲಾದ ಮೇಲೆ, ಮನೆಯವರು ಊಟಕ್ಕೆ ಏಳುವ ಹೊತ್ತು. “ಡಾಕ್ಟ್ರೇ, ಈಗ ತಾನೇ ಚೆನ್ನಾಗಿತ್ತು. ಅಂಗಳಕ್ಕೆ ಹೋಗಿ ಬಂತು ಅಷ್ಟೇ. ಬಾಯಿ ತುಂಬಾ ನೊರೆ, ಮೂತಿಯನ್ನ ನೆಲಕ್ಕೆ ಉಜ್ಜುತ್ತಾ ಇದೆ. ಹುಚ್ಚೇನಾದ್ರೂ ಹಿಡೀತಾ?” ಹಿಂದಿನಿಂದ ಮನೆಯ ಮಕ್ಕಳು ಅಳುವ ಸದ್ದು. ಯಾರೋ ಹಿರಿಯರು, ಹತ್ತಿರ ಹೋಗಬೇಡಿ ಎಂದು ಗದರುತ್ತಿರುತ್ತಾರೆ.

ನಾವು ಮೊದಲು ಕೇಳುವ ಪ್ರಶ್ನೆ: ಅಂಗಳದಲ್ಲಿ ಕಪ್ಪೆ ಕಂಡಿರಾ? ಬಹಳ ಸಲ ಉತ್ತರ ಹೌದು ಎಂದೇ ಇರುತ್ತದೆ. ಯಾರೋ ಟಾರ್ಚು ಹಿಡಿದು ಹೋಗಿ ನೋಡಿದರೆ, ತುಳಸಿಕಟ್ಟೆಯ ಪಕ್ಕದಲ್ಲೋ ಬಚ್ಚಲ ತೂಬಿನ ಬಾಯಲ್ಲೋ ಒಂದು ನೆಲಗಪ್ಪೆ ಮೈ ಉಬ್ಬಿಸಿಕೊಂಡು ಕೂತಿರುತ್ತದೆ. ಅದರ ಬೆನ್ನಿನ ಮೇಲೆ ನಾಯಿಯ ಜೊಲ್ಲು ಹೊಳೆಯುತ್ತಿರುತ್ತದೆ.

ಈ ಎರಡು ಪ್ರಾಣಿಗಳ ನಡುವೆ ಆ ಒಂದು ನಿಮಿಷದಲ್ಲಿ ಏನಾಯಿತು, ಮುಂದಿನ ಹತ್ತು ನಿಮಿಷಗಳಲ್ಲಿ ಮನೆಯವರ ಕೈಯಲ್ಲಿ ಏನಿದೆ ಎಂಬುದನ್ನು ಇವತ್ತು ಹೇಳಬೇಕೆಂದಿದ್ದೇನೆ. ಇವೆರಡನ್ನೂ ಎದುರುಬದುರು ತಂದು ನಿಲ್ಲಿಸುವವರು ಹೆಚ್ಚಾಗಿ ನಾವೇ. ಅದನ್ನೂ ಹೇಳಬೇಕು.

ಮೊದಲು ಕಪ್ಪೆಯನ್ನು ಗುರುತು ಹಿಡಿಯೋಣ. ಗದ್ದೆಯಲ್ಲಿ ಹಾರಿ ನೀರಿಗೆ ಬೀಳುವ ನುಣುಪು ಮೈಯ ಕಪ್ಪೆಯಲ್ಲ, ಮಳೆ ಬಂದ ರಾತ್ರಿ ಗಂಟಲು ಊದಿಸಿ ಕೂಗುವ ಹಳದಿ ಗೋಂಕರು ಕಪ್ಪೆಯೂ ಅಲ್ಲ. ನಾನು ಹೇಳುತ್ತಿರುವುದು ಒರಟು ಚರ್ಮದ, ಕಂದು ಬಣ್ಣದ, ಮೈತುಂಬ ಗುಳ್ಳೆಗಳಿರುವ, ನಿಧಾನವಾಗಿ ಕುಪ್ಪಳಿಸುವ ನೆಲಗಪ್ಪೆ. ಗುಳ್ಳೆಗಳ ತುದಿ ಕಪ್ಪಗಿರುತ್ತದೆ, ತಲೆಯ ಮೇಲೆ ಕಣ್ಣಿನ ಸುತ್ತ ಕಪ್ಪು ಏಣುಗಳಿರುತ್ತವೆ. 1799ರಲ್ಲಿ ಜರ್ಮನಿಯ ಶ್ನೈಡರ್ ಎಂಬ ವಿದ್ವಾಂಸರು ಇದನ್ನು ವಿಜ್ಞಾನಕ್ಕೆ ಪರಿಚಯಿಸಿದರು. ಬಹುಕಾಲ ಬ್ಯೂಫೋ ಎಂಬ ಕುಲದ ಹೆಸರಿನಲ್ಲಿದ್ದ ಈ ಕಪ್ಪೆಗೆ 2006ರಲ್ಲಿ ಡಟ್ಟಾಫ್ರೈನಸ್ ಎಂಬ ಹೊಸ ಕುಲ ಸಿಕ್ಕಿತು. ಭಾರತದ ಕಪ್ಪೆಗಳ ಅಧ್ಯಯನಕ್ಕೆ ಬದುಕನ್ನು ಮೀಸಲಿಟ್ಟ ಸುಶೀಲ್ ಕುಮಾರ್ ದತ್ತ ಅವರ ಗೌರವಾರ್ಥ ಇಟ್ಟ ಹೆಸರು ಅದು. ನಮ್ಮ ಅಂಗಳದ ಪ್ರಾಣಿಯೊಂದು ನಮ್ಮ ದೇಶದ ವಿಜ್ಞಾನಿಯ ಹೆಸರು ಹೊತ್ತು ತಿರುಗುತ್ತಿದೆ ಎಂಬುದು ನನಗೆ ಯಾವಾಗಲೂ ಸಂತೋಷದ ವಿಷಯ.

ಅದರ ಕಣ್ಣಿನ ಹಿಂದೆ, ಕುತ್ತಿಗೆಯ ಎರಡೂ ಬದಿಗೆ, ಅಂಡಾಕಾರದ ಎರಡು ಉಬ್ಬುಗಳು ಕಾಣುತ್ತವೆ. ವಿಷದ ಮುಖ್ಯ ಗ್ರಂಥಿಗಳು ಅವೇ. ಬೆನ್ನಿನ ಗುಳ್ಳೆಗಳಲ್ಲೂ ಅದೇ ವಿಷ ಸ್ವಲ್ಪ ಸ್ವಲ್ಪ ಇರುತ್ತದೆ. ನೆಲಗಪ್ಪೆ ಯಾರನ್ನೂ ಅಟ್ಟಿಸಿಕೊಂಡು ಬರುವುದಿಲ್ಲ, ಕಚ್ಚುವುದಿಲ್ಲ. ಓಡಿ ತಪ್ಪಿಸಿಕೊಳ್ಳಲು ಕಾಲಿನಲ್ಲಿ ಬಲವಿಲ್ಲ, ಕಚ್ಚಲು ಬಾಯಲ್ಲಿ ಹಲ್ಲಿಲ್ಲ. ಅದನ್ನು ಯಾರಾದರೂ ದವಡೆಯಲ್ಲಿ ಅದುಮಿದಾಗ ಆ ಗ್ರಂಥಿಗಳಿಂದ ಹಾಲುಬಿಳುಪಿನ ಅಂಟು ದ್ರವ ಹೊರಬರುತ್ತದೆ. ಅಷ್ಟೇ ಅದರ ರಕ್ಷಣೆ. ಮುಟ್ಟಿದ ಮಾತ್ರಕ್ಕೆ ಮನುಷ್ಯನ ಮೈಯಲ್ಲಿ ನರಹುಲಿ ಏಳುತ್ತದೆ ಎಂಬ ಮಾತು ನಿಜವಲ್ಲ. ಮುಟ್ಟಿದ ಕೈಯನ್ನು ತೊಳೆಯದೆ ಕಣ್ಣುಜ್ಜಿಕೊಂಡರೆ ಮಾತ್ರ ಕಣ್ಣು ಚೆನ್ನಾಗಿಯೇ ಉರಿಯುತ್ತದೆ.

ಈ ದ್ರವದಲ್ಲಿ ಏನಿದೆ? ಒಂದಲ್ಲ, ಹಲವು ಪದಾರ್ಥಗಳಿವೆ. ಹೆದರಿದಾಗ ನಮ್ಮ ದೇಹದಲ್ಲೇ ಹುಟ್ಟುವ ಅಡ್ರಿನಾಲಿನ್ ಇದೆ. ಅದು ಎದೆಬಡಿತವನ್ನೂ ರಕ್ತದ ಒತ್ತಡವನ್ನೂ ಏರಿಸುತ್ತದೆ. ಮಿದುಳಿನ ಮೇಲೆ ಕೆಲಸ ಮಾಡುವ ಸೆರೊಟೋನಿನ್, ಬ್ಯೂಫೊಟೆನಿನ್‌ಗಳಿವೆ. ಎಲ್ಲಕ್ಕಿಂತ ಅಪಾಯಕಾರಿ, ಹೃದಯವನ್ನು ಹಿಡಿಯುವ ಬ್ಯೂಫಡೈಯೆನೊಲೈಡ್ ಎಂಬ ಗುಂಪು. ಹೆಸರು ಬಾಯಿಗೆ ಹೊರಳುವುದಿಲ್ಲ, ಇರಲಿ. ಅದರ ಹತ್ತಿರದ ನೆಂಟ ನಿಮ್ಮ ಮನೆಯ ಬೇಲಿಯಲ್ಲೇ ಇರಬಹುದು. ಕಣಗಿಲೆಯ ಎಲೆ ತಿಂದು ದನ ಸತ್ತ ಸುದ್ದಿ ನಮ್ಮ ಹಳ್ಳಿಗಳಿಗೆ ಹೊಸದಲ್ಲ. ಕೆಂಪು ಕಣಗಿಲೆಯಲ್ಲೂ ಹಳದಿ ಹೂವಿನ ಕಣಗಿಲೆಯಲ್ಲೂ ಇರುವ ವಿಷ, ನೆಲಗಪ್ಪೆಯ ಈ ವಿಷ, ಎರಡೂ ದೇಹದ ಒಂದೇ ಜಾಗಕ್ಕೆ ಹೋಗಿ ತಟ್ಟುತ್ತವೆ. ಗಿಡವೊಂದು ಮೇಯುವ ಬಾಯಿಯಿಂದ ತಪ್ಪಿಸಿಕೊಳ್ಳಲು ಮಾಡಿಕೊಂಡದ್ದನ್ನೇ, ಅದಕ್ಕೆ ಯಾವ ಸಂಬಂಧವೂ ಇಲ್ಲದ ಪ್ರಾಣಿಯೊಂದು ಹಿಡಿಯುವ ಬಾಯಿಯಿಂದ ತಪ್ಪಿಸಿಕೊಳ್ಳಲು ಮಾಡಿಕೊಂಡಿದೆ.

ಆ ಒಂದೇ ಜಾಗ ಯಾವುದು? ದೇಹದ ಜೀವಕೋಶಗಳ ಪೊರೆಯಲ್ಲಿ ಸೋಡಿಯಂ ಹೊರಹಾಕಿ ಪೊಟ್ಯಾಸಿಯಂ ಒಳಗೆಳೆಯುವ ಅತಿಸೂಕ್ಷ್ಮ ಯಂತ್ರಗಳಿವೆ. ಮಳೆಗಾಲದಲ್ಲಿ ತಗ್ಗಿನ ಗದ್ದೆಗೆ ನುಗ್ಗುವ ನೀರನ್ನು ಹಗಲಿರುಳು ಎತ್ತಿ ಹೊರಹಾಕುವ ಪಂಪ್‌ಸೆಟ್ಟನ್ನು ನೆನೆಸಿಕೊಳ್ಳಿ. ಪ್ರತಿ ಸುತ್ತಿಗೆ ಮೂರು ಸೋಡಿಯಂ ಹೊರಗೆ, ಎರಡು ಪೊಟ್ಯಾಸಿಯಂ ಒಳಗೆ. ಹೃದಯದ ಒಂದೊಂದು ಬಡಿತವೂ, ನರದ ಒಂದೊಂದು ಸಂದೇಶವೂ ಈ ಯಂತ್ರದ ಮೇಲೆ ನಿಂತಿದೆ. ಡೆನ್ಮಾರ್ಕಿನ ಯೆನ್ಸ್ ಸ್ಕೌ 1957ರಲ್ಲಿ ಇದನ್ನು ಪತ್ತೆಮಾಡಿ ಪ್ರಕಟಿಸಿದರು, ನಲವತ್ತು ವರ್ಷಗಳ ನಂತರ 1997ರಲ್ಲಿ ಅದಕ್ಕೆ ನೊಬೆಲ್ ಪ್ರಶಸ್ತಿ ಬಂತು. ಕಪ್ಪೆಯ ವಿಷ ಹೋಗಿ ಈ ಯಂತ್ರವನ್ನು ನಿಲ್ಲಿಸುತ್ತದೆ. ಕೋಶದೊಳಗೆ ಸೋಡಿಯಂ ತುಂಬುತ್ತದೆ, ಅದರ ಬೆನ್ನಿಗೆ ಕ್ಯಾಲ್ಸಿಯಂ ಏರುತ್ತದೆ, ಹೃದಯದ ಸ್ನಾಯು ಮೊದಲು ವಿಪರೀತ ಬಿಗಿಯಾಗಿ ಹಿಂಡುತ್ತದೆ, ಆಮೇಲೆ ತಾಳ ತಪ್ಪುತ್ತದೆ.

ಇದೇ ಕೆಲಸ ಅಳತೆಯಲ್ಲಿ ನಡೆದರೆ ಔಷಧಿ. 1785ರಲ್ಲಿ ಇಂಗ್ಲೆಂಡಿನ ವೈದ್ಯ ವಿಲಿಯಂ ವಿದರಿಂಗ್, ಡಿಜಿಟಾಲಿಸ್ ಗಿಡದ ಎಲೆಯಿಂದ ಮೈ ಬಾತ ರೋಗಿಗಳಿಗೆ ಚಿಕಿತ್ಸೆ ಮಾಡಿದ ಅನುಭವವನ್ನು ಪುಸ್ತಕವಾಗಿ ತಂದರು. ಅದರ ವಂಶದ ಡಿಗಾಕ್ಸಿನ್ ಮಾತ್ರೆಯನ್ನು ಇಂದಿಗೂ ಹೃದ್ರೋಗಿಗಳು ನುಂಗುತ್ತಾರೆ. ಚೀನಾದ ವೈದ್ಯದಲ್ಲಿ ನೆಲಗಪ್ಪೆಯ ವಿಷವನ್ನೇ ಒಣಗಿಸಿ ಚಾನ್‌ಸು ಎಂಬ ಮದ್ದು ಮಾಡುತ್ತಾರೆ, ಅದಕ್ಕೆ ಬಳಸುವ ಜಾತಿಗಳಲ್ಲಿ ನಮ್ಮ ಅಂಗಳದ ಜಾತಿಯೂ ಒಂದು. ಆದರೆ ನಾಯಿಯ ಬಾಯಿಗೆ ಬಿದ್ದದ್ದನ್ನು ಯಾರೂ ಅಳೆದು ಕೊಟ್ಟಿರುವುದಿಲ್ಲ.

ಈಗ ನಾಯಿಯ ಕಡೆಗೆ ಬರೋಣ. ನೆಕ್ಕುವುದು, ಕಚ್ಚುವುದು, ನುಂಗುವುದು ಇವು ಮೂರು ಬೇರೆ ಬೇರೆ. ಕುತೂಹಲಕ್ಕೆ ಒಮ್ಮೆ ನಾಲಿಗೆ ಆಡಿಸಿದ ನಾಯಿಗೆ ಬಾಯಿ ಉರಿದು, ಜೊಲ್ಲು ಸುರಿದು, ಸ್ವಲ್ಪ ಹೊತ್ತಿನಲ್ಲಿ ಇಳಿಯಬಹುದು. ದವಡೆಯಲ್ಲಿ ಹಿಡಿದು ಕೊಡವಿದ ನಾಯಿಗೆ ಗ್ರಂಥಿಯ ದ್ರವ ನೇರವಾಗಿ ಒಸಡಿಗೆ ಮೆತ್ತುತ್ತದೆ. ಬಾಯಿಯ ಒಳಚರ್ಮ ತೆಳು, ಅದರ ಕೆಳಗೆ ರಕ್ತನಾಳಗಳ ಜಾಲ. ಹೊಟ್ಟೆಗೆ ಇಳಿಯುವವರೆಗೂ ಕಾಯದೆ ವಿಷ ಅಲ್ಲಿಂದಲೇ ರಕ್ತಕ್ಕೆ ಸೇರುತ್ತದೆ. ಇಡೀ ಕಪ್ಪೆಯನ್ನೇ ನುಂಗಿದರೆ ಹೊಟ್ಟೆಯಿಂದ ಗಂಟೆಗಟ್ಟಲೆ ವಿಷ ಸೇರುತ್ತಲೇ ಇರುತ್ತದೆ. ಸತ್ತ ಕಪ್ಪೆಯಲ್ಲೂ ವಿಷ ಸಾಯುವುದಿಲ್ಲ. ಮಳೆ ನಿಂತ ಮಾರನೆಯ ದಿನ ರಸ್ತೆಯಲ್ಲಿ ವಾಹನದಡಿ ಸಿಕ್ಕಿ ಒಣಗಿದ ನೆಲಗಪ್ಪೆಯನ್ನು ಜಗಿದ ಮರಿನಾಯಿಗೂ ಅಪಾಯವಿದೆ. ಬೇಯಿಸಿದರೂ ಅದು ಹೋಗುವುದಿಲ್ಲ. ನೆಲಗಪ್ಪೆಯನ್ನು ತಿನ್ನುವ ಕಪ್ಪೆಯೆಂದು ತಪ್ಪು ತಿಳಿದು ಸಾರು ಮಾಡಿ ಉಂಡ ಮನುಷ್ಯರೇ ಏಷ್ಯಾದ ಹಲವು ಕಡೆ ಪ್ರಾಣ ಕಳೆದುಕೊಂಡಿದ್ದಾರೆ.

ಕೆಲವೇ ನಿಮಿಷಗಳಲ್ಲಿ ಲಕ್ಷಣ ತೋರುತ್ತದೆ. ಮೊದಲು ಜೊಲ್ಲು, ಆಮೇಲೆ ನೊರೆ. ನಾಯಿ ತಲೆ ಕೊಡವುತ್ತದೆ, ಮುಂಗಾಲಿನಿಂದ ಬಾಯಿ ಕೆರೆದುಕೊಳ್ಳುತ್ತದೆ. ತುಟಿ ಎತ್ತಿ ನೋಡಿದರೆ ಒಸಡು ಇಟ್ಟಿಗೆ ಬಣ್ಣಕ್ಕೆ ಕೆಂಪಾಗಿರುತ್ತದೆ. ಇದು ಬಹಳ ಮುಖ್ಯವಾದ ಗುರುತು. ಕೆಲವು ವಾಂತಿ ಮಾಡುತ್ತವೆ. ವಿಷ ಹೆಚ್ಚಾಗಿದ್ದರೆ ಏದುಸಿರು, ನಡಿಗೆಯಲ್ಲಿ ತೂರಾಟ, ಕಣ್ಣಿನ ಪಾಪೆ ಅಗಲವಾಗಿ ಗುಡ್ಡೆಗಳು ಅತ್ತಿತ್ತ ಅಲುಗುವುದು, ಸುಮ್ಮಸುಮ್ಮನೆ ಗೋಡೆ ನೋಡಿ ಬೊಗಳುವುದು, ಕೊನೆಗೆ ಫಿಟ್ಸ್. ಎದೆಯ ಮೇಲೆ ಕೈ ಇಟ್ಟರೆ ಬಡಿತ ಒಮ್ಮೆ ಓಡುತ್ತದೆ, ಒಮ್ಮೆ ತಡೆಯುತ್ತದೆ. ಮುಧೋಳದಂಥ ದೊಡ್ಡ ನಾಯಿಗೂ ಪುಟ್ಟ ಪೊಮೆರೇನಿಯನ್‌ಗೂ ಬಾಯಿಗೆ ಬಿದ್ದ ವಿಷ ಅಷ್ಟೇ ಆದರೂ ಅದನ್ನು ಹೊರಬೇಕಾದ ಮೈ ಅಷ್ಟೇ ಅಲ್ಲವಲ್ಲ. ಅದಕ್ಕೇ ಮರಿಗಳು, ಸಣ್ಣ ತಳಿಯವು, ಮುದಿಯಾದವು, ಮೊದಲೇ ಹೃದಯದ ತೊಂದರೆಯಿದ್ದವು ಹೆಚ್ಚು ಅಪಾಯದಲ್ಲಿರುತ್ತವೆ. ನೆಲಕ್ಕೆ ಮೂಗು ಹಚ್ಚಿ ಬೇಟೆಯಾಡುವ ಡ್ಯಾಷ್‌ಹುಂಡ್, ಟೆರಿಯರ್ ತಳಿಗಳು ಕಪ್ಪೆಯನ್ನು ಬಿಟ್ಟು ಬರುವುದೇ ಕಷ್ಟ.

ನಮ್ಮ ನೆಲಗಪ್ಪೆಯ ವಿಷದಿಂದ, ಬೇಗ ಬಾಯಿ ತೊಳೆದ ನಾಯಿಗಳಲ್ಲಿ ಹೆಚ್ಚಿನವು ಚೇತರಿಸಿಕೊಳ್ಳುತ್ತವೆ. ಹೆದರಿಸಲೆಂದು ನಾನು ಈ ಭಾಷಣ ಮಾಡುತ್ತಿಲ್ಲ. ಆದರೆ ಮೇಲೆ ಹೇಳಿದ ಬಡಪಾಯಿಗಳಲ್ಲಿ ಸಾವೂ ಆಗಬಹುದು, ಮತ್ತು ಅದನ್ನು ತಪ್ಪಿಸುವ ಕೆಲಸ ಆಸ್ಪತ್ರೆಗಿಂತ ಮೊದಲು ಅಂಗಳದ ನಲ್ಲಿಯ ಹತ್ತಿರ ಆಗಬೇಕು.

ಅದಕ್ಕೂ ಮೊದಲು ಒಂದು ಎಚ್ಚರಿಕೆ. ಇದು ಹುಚ್ಚುನಾಯಿ ರೋಗ ಇರುವ ನಾಡು. ನೊರೆ ಕಂಡ ಕೂಡಲೇ ಹುಚ್ಚು ಎಂದು ದೊಣ್ಣೆ ಎತ್ತುವವರಿದ್ದಾರೆ. ಏನೂ ಯೋಚಿಸದೆ ಬರಿಗೈಯನ್ನು ಬಾಯೊಳಗೆ ಹಾಕುವವರೂ ಇದ್ದಾರೆ. ಎರಡೂ ತಪ್ಪು. ರೇಬೀಸ್ ಅರ್ಧ ಗಂಟೆಯಲ್ಲಿ ಬರುವಂಥದಲ್ಲ. ನಾಯಿಯ ಸ್ವಭಾವ ದಿನಗಳಲ್ಲಿ ಬದಲಾಗುತ್ತದೆ, ಧ್ವನಿ ಒಡೆಯುತ್ತದೆ, ದವಡೆ ಜೋತುಬೀಳುತ್ತದೆ, ನುಂಗಲು ಆಗುವುದಿಲ್ಲ, ಲಕ್ಷಣ ತೋರಿದ ಹತ್ತು ದಿನಗಳೊಳಗೆ ಸಾಯುತ್ತದೆ. ಕಪ್ಪೆ ಹಿಡಿದ ನಾಯಿಯೋ ಐದು ನಿಮಿಷದ ಹಿಂದೆ ನಿಮ್ಮ ಜೊತೆ ಆಡುತ್ತಿತ್ತು. ನಿಮ್ಮದೇ ನಾಯಿ, ವರ್ಷ ವರ್ಷ ಲಸಿಕೆ ಹಾಕಿಸಿದ್ದೀರಿ, ಕಪ್ಪೆಯನ್ನು ಕಣ್ಣಾರೆ ಕಂಡಿರಿ ಎಂದರೆ ಧೈರ್ಯವಾಗಿ ಬಾಯಿ ತೊಳೆಯಿರಿ. ಲಸಿಕೆಯ ಬಗ್ಗೆ ಖಚಿತವಿಲ್ಲ, ಅಥವಾ ಬೀದಿಯ ನಾಯಿ ಎಂದಾದರೆ ಬಾಯಿಗೆ ಕೈ ಹಾಕಬೇಡಿ. ಆಗುವುದಾದರೆ ದೂರದಿಂದ ಪೈಪಿನ ನೀರು ಬಿಡಿ, ವೈದ್ಯರಿಗೆ ತಿಳಿಸಿ. ಗಾಬರಿಯಲ್ಲಿ ನಾಯಿಯ ಹಲ್ಲು ತಾಗಿ ಗಾಯವಾದರೆ ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು, ನಿಮ್ಮ ಪಾಲಿನ ಚುಚ್ಚುಮದ್ದಿಗೆ ಆಸ್ಪತ್ರೆಗೆ ಹೋಗಿ. ಅದನ್ನು ನಾಳೆಗೆ ಬಿಡಬೇಡಿ.

ಇನ್ನು ತೊಳೆಯುವ ರೀತಿ. ನಾಯಿಯ ತಲೆಯನ್ನು ಕೆಳಮುಖವಾಗಿ ಬಾಗಿಸಿ. ಪೈಪಿನ ನೀರನ್ನು ಮೆಲ್ಲಗೆ ಬಿಟ್ಟು, ಬಾಯಿಯ ಪಕ್ಕದಿಂದ, ಕೋರೆಹಲ್ಲಿನ ಹಿಂದಿನ ಸಂದಿಯಿಂದ ಒಳಗೆ ಹರಿಸಿ. ನೀರು ಮುಂದಕ್ಕೆ ಹರಿದು ಹೊರಗೆ ಬೀಳಬೇಕು, ಗಂಟಲಿಗೆ ಇಳಿಯಬಾರದು. ಗಂಟಲಿಗೆ ಇಳಿದರೆ ವಿಷವೂ ಹೊಟ್ಟೆಗೆ ಹೋಯಿತು, ನೀರು ಶ್ವಾಸಕೋಶಕ್ಕೂ ಹೋಗಬಹುದು. ಪೈಪಿಲ್ಲದಿದ್ದರೆ ಚೊಂಬಿನಿಂದ ಇದೇ ರೀತಿ ಸಣ್ಣಗೆ ಹುಯ್ಯಿರಿ. ವಿಷ ಅಂಟಾಗಿರುವುದರಿಂದ ನೀರೊಂದೇ ಸಾಲದು. ಒದ್ದೆ ಬಟ್ಟೆಯಿಂದ ಒಸಡು, ನಾಲಿಗೆ, ಅಂಗುಳ, ಕೆನ್ನೆಯ ಒಳಭಾಗ ಎಲ್ಲವನ್ನೂ ಒರೆಸಬೇಕು. ಒರೆಸಿದ ಬಟ್ಟೆಯನ್ನು ಪ್ರತಿ ಸಲ ಚೆನ್ನಾಗಿ ಜಾಲಿಸಿ, ಇಲ್ಲವೇ ಬದಲಿಸಿ. ಅದೇ ಬಟ್ಟೆಯನ್ನು ಮತ್ತೆ ಮತ್ತೆ ಆಡಿಸಿದರೆ ತೆಗೆದ ವಿಷವನ್ನೇ ಮತ್ತೆ ಹಚ್ಚಿದಂತೆ. ಐದರಿಂದ ಹತ್ತು ನಿಮಿಷ ಬಿಡದೆ ಮಾಡಿ. ಒಬ್ಬರು ತೊಳೆಯುತ್ತಿರುವಾಗಲೇ ಇನ್ನೊಬ್ಬರು ವೈದ್ಯರಿಗೆ ಫೋನು ಮಾಡಲಿ. ಕೊನೆಗೆ ನಿಮ್ಮ ಕೈಯನ್ನೂ ಸೋಪಿನಿಂದ ತೊಳೆದುಕೊಳ್ಳಿ.

ನಾಯಿಗೆ ಪ್ರಜ್ಞೆ ಇಲ್ಲದಿದ್ದರೆ, ಫಿಟ್ಸ್ ಬರುತ್ತಿದ್ದರೆ ಬಾಯಿಗೆ ನೀರು ಬೇಡ, ಬೆರಳು ಬೇಡ. ಫಿಟ್ಸ್ ಬಂದ ಮನುಷ್ಯರ ಕೈಗೆ ಕಬ್ಬಿಣ ಕೊಡುವ ರೂಢಿ ನಮ್ಮಲ್ಲಿದೆ. ಅದೇ ನಂಬಿಕೆಯಿಂದ ನಾಯಿಯ ಹಲ್ಲಿನ ನಡುವೆ ಚಮಚ ತುರುಕಲು ಹೋಗಿ ಬೆರಳು ಕಡಿಸಿಕೊಂಡವರನ್ನು ನಾನು ನೋಡಿದ್ದೇನೆ. ಸುತ್ತಲಿನ ಗಡುಸು ವಸ್ತುಗಳನ್ನು ಸರಿಸಿ, ಒಂದು ಕಂಬಳಿಯ ಮೇಲೆ ಮಲಗಿಸಿ, ಗಾಡಿ ಹತ್ತಿಸಿ ಹೊರಟುಬಿಡಿ.

ಮನೆಮದ್ದಿನ ಬಗ್ಗೆ ಒಂದು ಮಾತು ಹೇಳಲೇಬೇಕು, ಏಕೆಂದರೆ ಒಳ್ಳೆಯ ಮನಸ್ಸಿನಿಂದಲೇ ಜನ ಕೆಡಿಸುತ್ತಾರೆ. ಹುಣಸೆನೀರು, ನಿಂಬೆರಸ, ಮಜ್ಜಿಗೆ, ಹಾಲು ಯಾವುದೂ ಈ ವಿಷವನ್ನು ಮುರಿಯುವುದಿಲ್ಲ. ಅವನ್ನು ಕುಡಿಸುವ ಭರದಲ್ಲಿ ಬಾಯಲ್ಲಿದ್ದ ವಿಷ ಹೊಟ್ಟೆಗೆ ಇಳಿಯುತ್ತದೆ. ವಾಂತಿ ಮಾಡಿಸಲೆಂದು ಉಪ್ಪುನೀರು ಕುಡಿಸಬೇಡಿ, ಉಪ್ಪೇ ಇನ್ನೊಂದು ವಿಷವಾಗುತ್ತದೆ. ಎಳನೀರು ತಂಪು ಎಂದು ಕುಡಿಸುತ್ತಾರೆ. ಎಳನೀರಿನಲ್ಲಿ ಪೊಟ್ಯಾಸಿಯಂ ತುಂಬಾ ಇದೆ. ಆ ಸೋಡಿಯಂ ಯಂತ್ರ ನಿಂತುಹೋಗಿ, ಕೋಶದೊಳಗೆ ಹೋಗಬೇಕಾದ ಪೊಟ್ಯಾಸಿಯಂ ರಕ್ತದಲ್ಲೇ ಉಳಿಯುತ್ತಿರುವಾಗ ಮತ್ತಷ್ಟು ಪೊಟ್ಯಾಸಿಯಂ ಕೊಟ್ಟರೆ ಹೃದಯಕ್ಕೆ ಕಷ್ಟ. ಬೇರೆ ದಿನ ಎಳನೀರು ಕೊಡಿ, ನಾನು ಬೇಡವೆನ್ನುವುದಿಲ್ಲ.

ಆಸ್ಪತ್ರೆಯಲ್ಲಿ ಏನು ಮಾಡುತ್ತಾರೆ? ಕಪ್ಪೆಯ ವಿಷಕ್ಕೆಂದೇ ಮಾಡಿದ, ಹಾವಿನ ವಿಷಕ್ಕಿರುವಂಥ ಪ್ರತಿವಿಷ ನಮ್ಮ ಪಶು ಆಸ್ಪತ್ರೆಗಳಲ್ಲಿ ಇಲ್ಲ. ಡಿಗಾಕ್ಸಿನ್ ವಿಷವೇರಿದ ಮನುಷ್ಯರಿಗೆ ಕೊಡುವ ಒಂದು ಪ್ರತಿಕಾಯ ಔಷಧಿ ಇದೆ. ಶ್ರೀಲಂಕಾದಲ್ಲಿ ಹಳದಿ ಕಣಗಿಲೆಯ ಬೀಜ ತಿಂದವರ ಮೇಲೆ ಅದನ್ನು ಪ್ರಯೋಗಿಸಿ ಪ್ರಯೋಜನ ಕಂಡಿದ್ದಾರೆ, ಕಪ್ಪೆಯ ವಿಷಕ್ಕೂ ಅದು ಸ್ವಲ್ಪಮಟ್ಟಿಗೆ ಹಿಡಿಯುತ್ತದೆ. ಆದರೆ ಅದರ ಬೆಲೆ ಸಾಮಾನ್ಯರ ಕೈಗೆಟುಕುವುದಿಲ್ಲ. ಆದ್ದರಿಂದ ವೈದ್ಯರು ಲಕ್ಷಣಕ್ಕೆ ತಕ್ಕಂತೆ ಚಿಕಿತ್ಸೆ ಮಾಡುತ್ತಾರೆ. ಫಿಟ್ಸ್‌ಗೆ ಡಯಾಜಿಪಾಂ, ರಕ್ತನಾಳದ ಮೂಲಕ ದ್ರವ, ಹೃದಯ ವಿಪರೀತ ಓಡುತ್ತಿದ್ದರೆ ಅದನ್ನು ನಿಧಾನಗೊಳಿಸುವ ಔಷಧಿ, ಕಪ್ಪೆಯನ್ನು ನುಂಗಿದ್ದರೆ ವಿಷ ಹೀರುವ ಇದ್ದಿಲ ಪುಡಿ. ಸಾಧ್ಯವಿದ್ದಲ್ಲಿ ಇಸಿಜಿ ತೆಗೆದು ಬಡಿತದ ತಾಳ ನೋಡುತ್ತಾರೆ. ಜೊಲ್ಲು ನಿಲ್ಲಿಸಲೆಂದು ಅಟ್ರೋಪಿನ್ ಚುಚ್ಚಿ ಎಂದು ಕೆಲವು ಮಾಲೀಕರು ಒತ್ತಾಯಿಸುತ್ತಾರೆ. ಜೊಲ್ಲು ಬಾಯಿಯ ವಿಷವನ್ನು ತೊಳೆದು ಹೊರಹಾಕುತ್ತಿರುತ್ತದೆ. ಹೃದಯ ತೀರಾ ನಿಧಾನವಾದಾಗ ಮಾತ್ರ ಅಟ್ರೋಪಿನ್ ಬೇಕು. ಓಡುತ್ತಿರುವ ಹೃದಯಕ್ಕೆ ಅದನ್ನು ಕೊಟ್ಟರೆ ಇನ್ನೂ ಓಡಿಸಿದಂತಾಗುತ್ತದೆ.

ಇಲ್ಲಿ ಮಾಲೀಕರ ಮಾತು ಔಷಧಿಯಷ್ಟೇ ಬೆಲೆಬಾಳುತ್ತದೆ. ಮಲೆನಾಡಿನ ತೋಟದ ಮನೆಯಿಂದ ನೊರೆ ಸುರಿಸುತ್ತ ಬಂದ ನಾಯಿ ಕಪ್ಪೆಯನ್ನೇ ಹಿಡಿದಿರಬೇಕೆಂದಿಲ್ಲ. ನಾಗರಹಾವು ಕಚ್ಚಿದ ನಾಯಿಗೂ ಜೊಲ್ಲು ಸುರಿಯುತ್ತದೆ. ಬೆಳೆಗೆ ಹೊಡೆಯುವ ಕೀಟನಾಶಕ ಹೊಟ್ಟೆಗೆ ಹೋದರೂ ಸುರಿಯುತ್ತದೆ, ಆಗ ಕಣ್ಣಿನ ಪಾಪೆ ಅಗಲವಾಗುವ ಬದಲು ಸೂಜಿಮೊನೆಯಷ್ಟಾಗುತ್ತದೆ, ಅಲ್ಲಿ ಅಟ್ರೋಪಿನ್ನೇ ಜೀವ ಉಳಿಸುವುದು. ಬಸವನಹುಳುವಿಗೆ ಇಡುವ ಮೆಟಾಲ್ಡಿಹೈಡ್ ಗುಳಿಗೆ ತಿಂದರೆ ಮೈ ನಡುಗಿ ಫಿಟ್ಸ್ ಬರುತ್ತದೆ. ಒಂದರ ಚಿಕಿತ್ಸೆ ಇನ್ನೊಂದಕ್ಕೆ ಆಗದು. ಎಷ್ಟು ಹೊತ್ತಿಗೆ ಹೊರಗೆ ಹೋಗಿತ್ತು, ಏನು ಕಂಡಿರಿ, ತೋಟಕ್ಕೆ ಏನು ಹೊಡೆದಿದ್ದೀರಿ ಎಂಬುದನ್ನು ಮುಚ್ಚಿಡದೆ ಹೇಳಿ. ಕಪ್ಪೆಯ ಫೋಟೊ ಇದ್ದರೆ ತೋರಿಸಿ. ಕಪ್ಪೆಯನ್ನೇ ಚೀಲದಲ್ಲಿ ತರುವುದು ಬೇಡ.

ಈ ವಿಷಯವನ್ನು ಜಗತ್ತಿನಲ್ಲಿ ಎಲ್ಲರಿಗಿಂತ ಹೆಚ್ಚು ಕಷ್ಟಪಟ್ಟು ಕಲಿತ ದೇಶ ಆಸ್ಟ್ರೇಲಿಯಾ. ಅಲ್ಲಿ ಮೂಲದಲ್ಲಿ ನೆಲಗಪ್ಪೆಯ ಕುಲವೇ ಇರಲಿಲ್ಲ. 1935ರಲ್ಲಿ ಕ್ವೀನ್ಸ್‌ಲ್ಯಾಂಡಿನ ಕಬ್ಬಿನ ಗದ್ದೆಗಳಲ್ಲಿ ಬೇರು ತಿನ್ನುವ ದುಂಬಿಹುಳುಗಳ ಕಾಟ ತಾಳಲಾರದೆ, ಸರ್ಕಾರದ ಕಬ್ಬು ಸಂಶೋಧನಾ ಕೇಂದ್ರದವರು ಹವಾಯಿಯಿಂದ ನೂರರಷ್ಟು ದೊಡ್ಡ ನೆಲಗಪ್ಪೆಗಳನ್ನು ತರಿಸಿ, ಮರಿ ಮಾಡಿಸಿ, ಗಾರ್ಡನ್‌ವೇಲ್ ಸುತ್ತಮುತ್ತ ಬಿಟ್ಟರು. ದಕ್ಷಿಣ ಅಮೆರಿಕ ಮೂಲದ ಈ ಕಬ್ಬುಗಪ್ಪೆ ದುಂಬಿಯನ್ನೇನೂ ಕಡಿಮೆ ಮಾಡಲಿಲ್ಲ. ತಾನು ಮಾತ್ರ ಕೋಟಿಗಟ್ಟಲೆಯಾಗಿ ಉತ್ತರದ ಉದ್ದಕ್ಕೂ ಹರಡಿ, 2009ರಲ್ಲಿ ಪಶ್ಚಿಮ ಆಸ್ಟ್ರೇಲಿಯಾದ ಗಡಿ ದಾಟಿತು. ಅದರ ಗಾತ್ರ ಎಷ್ಟೆಂದರೆ, 2023ರ ಜನವರಿಯಲ್ಲಿ ಕ್ವೀನ್ಸ್‌ಲ್ಯಾಂಡಿನ ಕಾನ್ವೇ ರಾಷ್ಟ್ರೀಯ ಉದ್ಯಾನದಲ್ಲಿ ಸಿಕ್ಕ ಒಂದು ಹೆಣ್ಣು 2.7 ಕಿಲೊ ತೂಗಿತು. ಅಷ್ಟು ದೊಡ್ಡ ಮೈಯ ವಿಷ ನಮ್ಮದಕ್ಕಿಂತ ಬಹಳ ಹೆಚ್ಚು. ಅಲ್ಲಿನ ಪಶುವೈದ್ಯರಿಗೆ ಕಪ್ಪೆ ಹಿಡಿದ ನಾಯಿ ಬೇಸಿಗೆಯ ನಿತ್ಯದ ರೋಗಿ. ಅಂಥ 90 ನಾಯಿಗಳ ದಾಖಲೆಗಳನ್ನು ಒಟ್ಟುಗೂಡಿಸಿದ ವರದಿಯೊಂದು 2004ರಲ್ಲಿ ಅಲ್ಲಿನ ಪಶುವೈದ್ಯ ಪತ್ರಿಕೆಯಲ್ಲಿ ಪ್ರಕಟವಾಯಿತು.

ಆದರೆ ನನ್ನ ಮನಸ್ಸನ್ನು ಹೆಚ್ಚು ಹಿಡಿದದ್ದು ಅಲ್ಲಿನ ಉಡಗಳ ಕಥೆ. ಏಷ್ಯಾ, ಆಫ್ರಿಕಾಗಳ ಉಡಗಳು ಲಕ್ಷಾಂತರ ವರ್ಷ ನೆಲಗಪ್ಪೆಗಳ ಜೊತೆ ಬದುಕಿದವು. ಅವುಗಳ ದೇಹದ ಆ ಸೋಡಿಯಂ ಯಂತ್ರ ಸ್ವಲ್ಪ ಬದಲಾಗಿ, ಕಪ್ಪೆಯ ವಿಷ ಅಲ್ಲಿ ಸುಲಭವಾಗಿ ಕಚ್ಚಿಕೊಳ್ಳುವುದಿಲ್ಲ. ಆಸ್ಟ್ರೇಲಿಯಾದ ಉಡಗಳೋ ನೆಲಗಪ್ಪೆಯಿಲ್ಲದ ಖಂಡದಲ್ಲಿ ಆ ರಕ್ಷಣೆ ಇಲ್ಲದೆ ಉಳಿದವು. ಕಬ್ಬುಗಪ್ಪೆ ಬಂದಾಗ ಹಿಡಿದು ನುಂಗಿದವು, ಬಿದ್ದು ಸತ್ತವು. ಕ್ವೋಲ್ ಎಂಬ ಪುಟ್ಟ ಮಾಂಸಾಹಾರಿ ಪ್ರಾಣಿಯಂತೂ ಹಲವು ಕಡೆ ಕಾಣದೇ ಹೋಯಿತು. ಸಿಡ್ನಿ ವಿಶ್ವವಿದ್ಯಾಲಯದ ರಿಕ್ ಶೈನ್ ಮತ್ತು ಜೊತೆಗಾರರು ಆಗ ಒಂದು ಉಪಾಯ ಮಾಡಿದರು. ಸಣ್ಣ ಕಪ್ಪೆಯ ಮಾಂಸಕ್ಕೆ ಹೊಟ್ಟೆ ತೊಳಸುವ ಔಷಧಿ ಸೇರಿಸಿ ಕ್ವೋಲ್‌ಗಳಿಗೆ ತಿನ್ನಿಸಿದರು. ಒಮ್ಮೆ ಹೊಟ್ಟೆ ಕೆಟ್ಟವು ಆಮೇಲೆ ಕಪ್ಪೆಯ ವಾಸನೆಗೇ ಹಿಂದೆ ಸರಿದವು.

ನಮ್ಮ ಅಂಗಳದ ಜಾತಿಯೇ ಈಗ ಇನ್ನೊಂದು ದ್ವೀಪಕ್ಕೆ ಇದೇ ತೊಂದರೆ ತಂದಿದೆ. ಆಗ್ನೇಯ ಏಷ್ಯಾದ ಕಡೆಯಿಂದ ಸರಕಿನ ಜೊತೆ ಮಡಗಾಸ್ಕರಿನ ತೊಅಮಾಸಿನಾ ಬಂದರಿಗೆ ಇಳಿದ ಇದು ಅಲ್ಲಿ ನೆಲೆಸಿದೆ ಎಂದು 2014ರಲ್ಲಿ ಜಗತ್ತಿಗೆ ತಿಳಿಯಿತು. ಅಲ್ಲಿನ ಪ್ರಾಣಿಗಳಿಗೂ ಇದರ ಪರಿಚಯವಿಲ್ಲ.

ನಮ್ಮ ನಾಡಿನಲ್ಲಿ ಹಾಗಲ್ಲ. ನೆಲಗಪ್ಪೆಯನ್ನು ತಿಂದು ಅರಗಿಸಿಕೊಳ್ಳುವ ಹಾವುಗಳು ಇಲ್ಲಿವೆ. ಮಳೆಗಾಲದ ಹುಲ್ಲಿನಲ್ಲಿ ಕಾಣುವ ಹಸಿರು ಮೈಯ ಹಾವೊಂದಕ್ಕಂತೂ ಅದೇ ಮುಖ್ಯ ಆಹಾರ. ನಾಯಿಗೆ ಈ ರಕ್ಷಣೆ ದಕ್ಕಿಲ್ಲ. ಕಾಡಿನ ಲೆಕ್ಕದಲ್ಲಿ ನಾಯಿಯೂ ನೆಲಗಪ್ಪೆಯೂ ದಿನಾ ಎದುರಾಗಬೇಕಾದ ಪ್ರಾಣಿಗಳಲ್ಲ. ಎದುರಾಗುವುದು ನಮ್ಮ ಮನೆಯ ಮುಂದೆ. ಯಾಕೆ? ಬಾಗಿಲ ಮೇಲೆ ರಾತ್ರಿಯಿಡೀ ಬಿಳಿಯ ದೀಪ ಉರಿಸುತ್ತೇವೆ. ದೀಪಕ್ಕೆ ಮಳೆಹುಳು, ಗೆದ್ದಲಿನ ರೆಕ್ಕೆಹುಳು ಮುತ್ತುತ್ತವೆ. ಹುಳು ತಿನ್ನಲು ನೆಲಗಪ್ಪೆ ಬಂದು ಮೆಟ್ಟಿಲ ಬುಡದಲ್ಲಿ ಕೂರುತ್ತದೆ. ಅದೇ ಜಗಲಿಯ ಕಂಬಕ್ಕೆ ನಾಯಿಯನ್ನು ಕಟ್ಟಿದ್ದೇವೆ. ಪಕ್ಕದಲ್ಲಿ ಅದರ ನೀರಿನ ಬಟ್ಟಲು, ಅರ್ಧ ಉಂಡ ಅನ್ನ. ಅನ್ನಕ್ಕೆ ಇರುವೆ ನೊಣ, ಬಟ್ಟಲಿನ ನೀರಿಗೆ ಕಪ್ಪೆ. ಬಟ್ಟಲಿನಲ್ಲಿ ಕಪ್ಪೆ ಕೂತೆದ್ದ ನೀರನ್ನು ನಾಯಿ ಕುಡಿಯುವುದೂ ಒಳ್ಳೆಯದಲ್ಲ. ಕಟ್ಟಿಹಾಕಿದ ನಾಯಿಗೆ ಬೇರೇನೂ ಕೆಲಸವಿಲ್ಲ, ಎದುರಿಗೆ ಮೆಲ್ಲಗೆ ಕುಪ್ಪಳಿಸುವ ಒಂದು ಪ್ರಾಣಿ. ಅದು ಮೂಗು ಚಾಚದೆ ಇನ್ನೇನು ಮಾಡೀತು?

ಹಾಗಾಗಿ ಬದಲಿಸಬೇಕಾದದ್ದು ನಮ್ಮ ಏರ್ಪಾಡು. ಮಳೆಗಾಲದಲ್ಲಿ ಹೊರಗಿನ ದೀಪವನ್ನು ಬೇಕಾದಾಗ ಮಾತ್ರ ಹಾಕಿ, ಅಥವಾ ಹುಳುಗಳನ್ನು ಕಡಿಮೆ ಸೆಳೆಯುವ ಹಳದಿ ದೀಪ ಹಾಕಿ. ಕತ್ತಲಾಗುವ ಮೊದಲೇ ನಾಯಿಯ ಊಟ ಮುಗಿಸಿ ತಟ್ಟೆ ಎತ್ತಿಡಿ. ನೀರಿನ ಬಟ್ಟಲನ್ನು ರಾತ್ರಿ ಒಳಗಿಡಿ, ಬೆಳಿಗ್ಗೆ ತೊಳೆದು ಹೊಸ ನೀರು ಹಾಕಿ. ಕಡೆಯ ಸಲ ಮೂತ್ರಕ್ಕೆ ಬಿಡುವಾಗ ಹಗ್ಗ ಹಿಡಿದು, ಟಾರ್ಚು ಹಾಕಿ ಜೊತೆಗೆ ಹೋಗಿ. ಬಾಯಿಗೆ ಹಾಕಿದ್ದನ್ನು ‘ಬಿಡು’ ಎಂದರೆ ಬಿಡುವ ಪಾಠವನ್ನು ಮರಿಯಿದ್ದಾಗಲೇ ಕಲಿಸಿ, ಬಿಟ್ಟಾಗ ತಿನ್ನಲು ಏನಾದರೂ ಒಳ್ಳೆಯದು ಕೊಡಿ. ಒದ್ದು ಬೈದು ಕಲಿಸಿದ ಪಾಠ ಅವಸರದಲ್ಲಿ ಕೆಲಸಕ್ಕೆ ಬರುವುದಿಲ್ಲ. ತೋಟದ ತೊಟ್ಟಿಯಲ್ಲಿ ಉದ್ದನೆಯ ಲೋಳೆ ಎಳೆಗಳು, ಅದರಲ್ಲಿ ಕಪ್ಪು ಚುಕ್ಕೆಗಳು ಕಂಡರೆ ಅವು ನೆಲಗಪ್ಪೆಯ ಮೊಟ್ಟೆ. ನೆಲಗಪ್ಪೆಗಳ ಮೊಟ್ಟೆಯಲ್ಲೂ ವಿಷವಿರುತ್ತದೆ, ಆ ನೀರಿನ ಹತ್ತಿರ ನಾಯಿಯನ್ನು ಬಿಡಬೇಡಿ.

ಕಪ್ಪೆಯನ್ನು ಕೊಲ್ಲಬೇಡಿ. ಅದರ ಮೇಲೆ ಉಪ್ಪು ಸುರಿಯುವುದನ್ನು, ಕುದಿನೀರು ಹೊಯ್ಯುವುದನ್ನು ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಮಳೆ ಬಾರದಿದ್ದರೆ ಕಪ್ಪೆಗಳಿಗೆ ಅರಿಶಿನ ಹಚ್ಚಿ ಮದುವೆ ಮಾಡಿಸುವ ನಾವು, ಮಳೆ ಬಂದಾಗ ಅಂಗಳಕ್ಕೆ ಬಂದ ಅದನ್ನು ಹಾಗೆ ಸಾಯಿಸುವುದು ಎಂಥದು! ಇರುವೆ, ಗೆದ್ದಲು, ಜಿರಳೆ, ದುಂಬಿ ಎಲ್ಲವನ್ನೂ ಅದು ರಾತ್ರಿಯಿಡೀ ತಿನ್ನುತ್ತದೆ. ಇದ್ದುದನ್ನು ಕೊಂದರೆ ಅದೇ ದೀಪದ ಕೆಳಗೆ ಇನ್ನೊಂದು ಬಂದು ಕೂರುತ್ತದೆ. ಕೈಗೆ ಪ್ಲಾಸ್ಟಿಕ್ ಚೀಲ ಸುತ್ತಿಕೊಂಡೋ ಕಸದ ಮೊರದಿಂದ ಮೆಲ್ಲಗೆ ಬಕೆಟಿಗೆ ತಳ್ಳಿಯೋ ಬೇಲಿಯಾಚೆ ಬಿಟ್ಟು ಬನ್ನಿ. ಒತ್ತಿ ಹಿಡಿಯದಿದ್ದರೆ ಅದು ಸಾಮಾನ್ಯವಾಗಿ ವಿಷ ಬಿಡುವುದಿಲ್ಲ.

ಕೊನೆಯದಾಗಿ, ರಾತ್ರಿ ಹೊತ್ತು ಸಿಗುವ ಪಶುವೈದ್ಯರ ನಂಬರನ್ನು ಈಗಲೇ ಬರೆದಿಟ್ಟುಕೊಳ್ಳಿ. ಸರ್ಕಾರದ ಸಂಚಾರಿ ಪಶುಚಿಕಿತ್ಸಾ ವಾಹನಕ್ಕೆ 1962 ಎಂಬ ಸಂಖ್ಯೆಯಿದೆ. ನಿಮ್ಮ ತಾಲ್ಲೂಕಿನಲ್ಲಿ ಅದರ ವೇಳೆ ಯಾವುದು ಎಂದು ಹಗಲಿನಲ್ಲೇ ವಿಚಾರಿಸಿ. ನಾಯಿ ಚೇತರಿಸಿಕೊಂಡಂತೆ ಕಂಡರೂ ಮಾರನೆಯ ದಿನದವರೆಗೂ ಗಮನವಿಡಿ, ಓಡಿಸಬೇಡಿ, ಉಸಿರು ಮತ್ತು ನಡಿಗೆ ಸರಿಯಿದೆಯೇ ನೋಡುತ್ತಿರಿ. ಆ ಕ್ವೋಲ್‌ಗಳ ಹಾಗೆ ನಿಮ್ಮ ನಾಯಿಯೂ ಒಂದೇ ಸಲಕ್ಕೆ ಬುದ್ಧಿ ಕಲಿಯಿತು ಎಂದುಕೊಳ್ಳಬೇಡಿ. ಕೆಲವು ಕಲಿಯುತ್ತವೆ. ಇನ್ನು ಕೆಲವು ಮರುದಿನ ಸಂಜೆ ಬಿಟ್ಟ ಕೂಡಲೇ ನೇರವಾಗಿ ಅದೇ ಮೂಲೆಗೆ ಓಡಿ ಮೂಸಿ ಹುಡುಕುತ್ತವೆ. ಅದಕ್ಕೇ ಆ ವಾರವೆಲ್ಲ ಹಗ್ಗ ನಿಮ್ಮ ಕೈಯಲ್ಲೇ ಇರಲಿ.